ಹಿಮ್ಮಡಿ ನೋವು: ಫಿಸಿಯೋಥೆರಪಿಲಿ ಬರೀ ಮಿಷಿನ್ ಇಡ್ತಿದಾರೆ, ಇದಕ್ಕೆ ಟ್ರೀಟ್‌ಮೆಂಟ್ ಇಷ್ಟೇನಾ?

ನಲಿಕಲಿ_ಟೀಚರ್ (ತುಮಕೂರು ಜಿಲ್ಲೆ)

ಎಲ್ರಿಗೂ ನಮಸ್ಕಾರ. ಬಲಗಾಲು ಹಿಮ್ಮಡಿ ನೋವು ಶುರುವಾಗಿ ಆರೇಳು ತಿಂಗಳಾಯ್ತು. ಬೆಳಿಗ್ಗೆ ಎದ್ದು ಮಂಚದಿಂದ ಕಾಲು ಕೆಳಗಿಟ್ಟ ತಕ್ಷಣ ಚುಳ್ ಅನ್ನತ್ತೆ, ಗೋಡೆ ಹಿಡ್ಕೊಂಡು ಬಚ್ಚಲುಮನೆ ತನಕ ಹೋಗ್ತೀನಿ, ಸ್ವಲ್ಪ ಹೊತ್ತು ಓಡಾಡಿದ್ಮೇಲೆ ಪರವಾಗಿಲ್ಲ ಅನ್ಸತ್ತೆ, ಸಂಜೆ ಹೊತ್ತಿಗೆ ಮತ್ತೆ ಅದೇ. ನಾನು ಪ್ರೈಮರಿ ಸ್ಕೂಲ್ ಟೀಚರ್, ನಲಿಕಲಿ ತಗೋತೀನಿ, ಅಂದ್ರೆ ಚಿಕ್ಕ ಮಕ್ಳಿಗೆ ಆಟದ ಜೊತೆ ಪಾಠ. ನಲಿಕಲಿ ರೂಮ್ ನೋಡಿರೋರಿಗೆ ಗೊತ್ತಿರತ್ತೆ, ಚಪ್ಪಲಿ ಬಾಗಿಲಾಚೆ ಬಿಟ್ಟು ಬರೀ ಕಾಲಲ್ಲಿ ಸಿಮೆಂಟ್ ನೆಲದ ಮೇಲೆ ಓಡಾಡ್ಬೇಕು, ಒಂದು ತಟ್ಟೆ (ಗುಂಪು) ಮಕ್ಳ ಹತ್ರ ನೆಲಕ್ಕೆ ಕೂತು ಹೇಳ್ಕೊಟ್ಟು ಎದ್ದು ಇನ್ನೊಂದು ತಟ್ಟೆಗೆ ಹೋಗ್ಬೇಕು, ಹೀಗೆ ಕೂತು ಎದ್ದಾಗೆಲ್ಲ ಮೊದಲ ನಾಲ್ಕು ಹೆಜ್ಜೆ ಜೀವ ಹೋಗತ್ತೆ.

ಮೂಳೆ ಡಾಕ್ಟರ್ ಹತ್ರ ಹೋದೆ, ಎಕ್ಸ್‌ರೇ ತೆಗ್ಸಿ ಹಿಮ್ಮಡಿ ಮೂಳೆ ಬೆಳೆದಿದೆ, ಪ್ಲಾಂಟಾರ್ ಫೇಶಿಯೈಟಿಸ್ ಅಂದ್ರು, ಮಾತ್ರೆ, ಸಿಲಿಕಾನ್ ಪ್ಯಾಡ್, ಜೊತೆಗೆ ಫಿಸಿಯೋಥೆರಪಿ ಬರ್ದುಕೊಟ್ರು. ಫಿಸಿಯೋ ಸೆಂಟರಲ್ಲಿ ದಿನಾ ಜೆಲ್ ಹಚ್ಚಿ ಅಲ್ಟ್ರಾಸೌಂಡ್ ಉಜ್ತಾರೆ, ಆಮೇಲೆ ಪ್ಯಾಡ್ ಅಂಟ್ಸಿ ಕರೆಂಟ್ ಕೊಡ್ತಾರೆ, ಮುಗೀತು, ನಾಳೆ ಬನ್ನಿ ಅಂತಾರೆ. ಕಾಲು ಮುಟ್ಟಿ ಎಲ್ಲಿ ನೋವು ಅಂತ ಒಬ್ರೂ ನೋಡ್ಲಿಲ್ಲ, ನಿಮ್ಮ ಕೆಲ್ಸ ಏನು ಅಂತಾನೂ ಕೇಳ್ಲಿಲ್ಲ. ಅಲ್ಲಿಂದ ಬಂದ ದಿನ ಹಾಯಾಗಿರತ್ತೆ, ಬೆಳಿಗ್ಗೆ ಎದ್ರೆ ಹಾಗೇ ಇರತ್ತೆ. ಇದು ಸಾಕಾ? ಆ ಮೂಳೆಗೆ ಆಪರೇಷನ್ ಬೇಕಾ? ನಡೆಯೋದು ಬಿಟ್ಟುಬಿಡ್ಲಾ? ಅಮ್ಮ ಎಕ್ಕದ ಎಲೆ ಇಟ್ಟು ಬಿಸಿ ಇಟ್ಟಿಗೆ ಮೇಲೆ ಕಾಲಿಡು ಅಂತ ದಿನಾ ಹೇಳ್ತಿದಾರೆ. ಗೊತ್ತಿರೋರು ದಯವಿಟ್ಟು ಹೇಳಿ.

ರೈಟ್_ರೈಟ್_ಹುಬ್ಬಳ್ಳಿ

ಟೀಚರ್ ನಂದೂ ಇದ ತ್ರಾಸ ಇತ್ತರೀ. ನಾ ಬಸ್ ಕಂಡಕ್ಟರ್, ಮುಂಜಾನಿಂದ ಸಂಜಿ ತನ ನಿಂತ ಟಿಕೀಟ್ ಕೊಡೂದು, ಬಸ್ ಬ್ರೇಕ್ ಹೊಡದಾಗೆಲ್ಲ ಪೂರಾ ಭಾರ ಹಿಂಬಡಕ್ಕ ಬೀಳತೈತಿ. ಎಕ್ಕಿ ಎಲಿ ಇಟ್ಟಂಗಿ ಮ್ಯಾಲ ಇಟ್ಟ ಕಾಸಿಕೊಂಡೇನಿ, ಕಾಸಿದಾಗ ಹಿತ ಅನಸ್ತೈತಿ, ಸುಳ್ಳ ಯಾಕ ಹೇಳಲಿ, ಆದ್ರ ಮರುದಿನ ಏನೂ ಫರಕ ಇಲ್ಲ. ನಮ್ಮ ದೊಡ್ಡಪ್ಪಗ ಶುಗರ್ ಐತಿ, ಅವರಿಗೆ ಕಾಲಾಗ ಸ್ಪರ್ಶ ಕಡಿಮಿ, ಇಟ್ಟಂಗಿ ಎಷ್ಟ ಬಿಸಿ ಐತಿ ಅಂತ ತಿಳೀಲಾರದ ಬೊಬ್ಬಿ ಎದ್ದು ಆ ಗಾಯ ಮಾಯೂಕ ತಿಂಗಳಗಟ್ಟಲೆ ಹಿಡೀತು. ಅದಕ್ಕ ಮನ್ಯಾಗ ಯಾರಿಗರ ಶುಗರ್ ಇದ್ರ ಅದನ್ನ ಮಾಡಾಕ ಹೋಗಬ್ಯಾಡ್ರಿ.

ನನಗ ಖರೇ ಉಪಯೋಗ ಆಗಿದ್ದು ಎರಡರೀ. ಒಂದು ತೆಳ್ಳನ ಹವಾಯಿ ಚಪ್ಲಿ ಬಿಟ್ಟು ಮೆತ್ತನ ರಬ್ಬರಿನ ಎಂಸಿಆರ್ ಚಪ್ಲಿ ಹಾಕ್ಕೊಂಡೆ, ಮನ್ಯಾಗೂ ಒಂದ ಜೋಡಿ ಇಟ್ಟೇನಿ. ಇನ್ನೊಂದು, ನಮ್ಮ ಕಡೆ ಒಬ್ಬ ಫಿಸಿಯೋ ಮೇಡಮ್ಮರು ಮಿಷಿನ್ ಹಚ್ಚಲೇ ಇಲ್ಲ, ಮೆಟ್ಟಲ ಮ್ಯಾಲ ನಿಂತ ಹಿಂಬಡ ಎತ್ತಿ ಇಳಸೂ ವ್ಯಾಯಾಮ ಕಲಿಸಿದ್ರು. ಮೊದಲ ನನಗ ನಂಬಿಕೀನ ಬರಲಿಲ್ಲ, ನೋವ ಇರೂ ಕಾಲಿಗೆ ಮತ್ಯಾಕ ಭಾರ ಹಾಕೂದು ಅಂತ. ಎರಡ ಮೂರ ತಿಂಗಳ ಬಿಡದ ಮಾಡಿದ ಮ್ಯಾಲ ಈಗ ಡ್ಯೂಟಿ ಮುಗದ್ರೂ ನೋವಿಲ್ಲ.

ಪಾದ_ಫಿಸಿಯೋ_ಮೈಸೂರು

ಮೇಡಂ, ನಾನು ಫಿಸಿಯೋಥೆರಪಿಸ್ಟ್, ನನ್ನ ಹತ್ರ ಬರೋರಲ್ಲಿ ಪಾದದ ತೊಂದರೆಯವರೇ ಜಾಸ್ತಿ. ಇಲ್ಲಿ ಕೂತು ನಿಮ್ಮ ಕಾಲು ನೋಡಕ್ಕಾಗಲ್ಲ, ಆದ್ರೆ ನೋಡೋದು ಹೇಗಿರ್ಬೇಕು ಅಂತ ಹೇಳ್ತೀನಿ, ಅದು ತಿಳಿದ್ರೆ ನಿಮಗೆ ಸಿಕ್ತಿರೋದು ಸರಿಯಾದ ಚಿಕಿತ್ಸೆನಾ ಅಂತ ನೀವೇ ತೀರ್ಮಾನ ಮಾಡ್ಬೋದು.

ಮೊದಲು ಆ ಮೂಳೆ ಬೆಳೆದಿದೆ ಅನ್ನೋ ಭಯ ಬಿಡಿ. ಎಕ್ಸ್‌ರೇಲಿ ಕಾಣೋ ಆ ಮುಳ್ಳು ನೋವೇ ಇಲ್ದಿರೋ ಎಷ್ಟೋ ಜನರ ಹಿಮ್ಮಡಿಲೂ ಇರತ್ತೆ, ನೋವಿರೋ ಎಷ್ಟೋ ಜನರಲ್ಲಿ ಇರೋದೇ ಇಲ್ಲ, ಅದಕ್ಕೋಸ್ಕರ ಆಪರೇಷನ್ ಅಂತ ಯೋಚ್ನೆನೇ ಬೇಡ. ನೋವಿರೋದು ಪ್ಲಾಂಟಾರ್ ಫೇಶಿಯಾ ಅನ್ನೋ ದಪ್ಪ ಪಟ್ಟಿಲಿ. ಅದು ಹಿಮ್ಮಡಿ ಮೂಳೆಯ ಒಳಬದಿಯಿಂದ ಹೊರಟು ಅಂಗಾಲಿನ ಉದ್ದಕ್ಕೂ ಹೋಗಿ ಬೆರಳುಗಳ ಬುಡಕ್ಕೆ ಸೇರತ್ತೆ. ನಡೀವಾಗ ಹಿಮ್ಮಡಿ ಎದ್ದು ಬೆರಳು ಹಿಂದಕ್ಕೆ ಬಾಗ್ತಿದ್ದ ಹಾಗೆ, ಬಾವಿ ರಾಟೆಗೆ ಹಗ್ಗ ಸುತ್ತಿದಂತೆ ಈ ಪಟ್ಟಿ ಬಿಗಿಯಾಗಿ ಪಾದದ ಕಮಾನನ್ನ ಮೇಲೆತ್ತತ್ತೆ, 1954ರಲ್ಲೇ ಹಿಕ್ಸ್ ಅನ್ನೋರು ಇದನ್ನ ವಿವರಿಸಿದಾರೆ. ಅಂದ್ರೆ ನೀವಿಡೋ ಒಂದೊಂದು ಹೆಜ್ಜೇಲೂ ಇದಕ್ಕೆ ಎಳೆತ ಇದ್ದೇ ಇದೆ. ತಡ್ಕೊಳೋ ಶಕ್ತಿಗಿಂತ ಎಳೆತ ಜಾಸ್ತಿ ಆಗಿ ಆಗಿ ಅದರ ಎಳೆಗಳು ಹದಗೆಡತ್ವೆ. 2003ರಲ್ಲಿ ಲೆಮಾಂಟ್ ಮತ್ತವರ ಜೊತೆಯವರು ಆಪರೇಷನ್ನಲ್ಲಿ ತೆಗೆದ 50 ಕೇಸ್‌ಗಳ ತುಣುಕನ್ನ ಮೈಕ್ರೋಸ್ಕೋಪಲ್ಲಿ ನೋಡಿದಾಗ ಕಂಡಿದ್ದೂ ಉರಿಯೂತ ಅಲ್ಲ, ಈ ಹದಗೆಡೋದೇ. ಹಾಗಾಗಿ ಬರೀ ಊತ ಇಳಿಸೋ ಮಾತ್ರೆ, ಬರೀ ಕರೆಂಟು ಆ ಹೊತ್ತಿಗೆ ಹಾಯ್ ಅನ್ಸಬೋದು, ಪಟ್ಟಿಗೆ ಶಕ್ತಿ ಅದ್ರಿಂದ ಬರಲ್ಲ. ಅಲ್ಟ್ರಾಸೌಂಡ್ ಬಗ್ಗೆ ಅಂತೂ ಅಮೆರಿಕದ ಫಿಸಿಯೋಗಳ 2023ರ ಗೈಡ್‌ಲೈನ್ ನೇರವಾಗೇ ಹೇಳತ್ತೆ, ಸ್ಟ್ರೆಚಿಂಗ್ ಜೊತೆಗೆ ಅದನ್ನ ಸೇರಿಸ್ಬೇಡಿ ಅಂತ. ಆದ್ರೂ ನಮ್ಮಲ್ಲಿ ಹಿಮ್ಮಡಿ ನೋವು ಅಂದ ಕೂಡ್ಲೇ ಆ ಮಿಷಿನೇ ಮೊದಲು ಬರತ್ತೆ, ನನಗೆ ಇದು ನಿಜವಾಗ್ಲೂ ಬೇಜಾರಿನ ವಿಷ್ಯ, ಯಾಕಂದ್ರೆ ರೋಗಿಯ ದುಡ್ಡು, ಟೈಮು ಎರಡೂ ಹೋಗತ್ತೆ, ಕೊನೆಗೆ ಫಿಸಿಯೋದಿಂದ ಏನೂ ಆಗಲ್ಲ ಅಂತ ವಾಪಸ್ ಹೋಗ್ತಾರೆ.

ಈಗ ಪರೀಕ್ಷೆ ವಿಷ್ಯ. ಕಾಲಿಗೆ ಕೈ ಹಾಕೋ ಮುಂಚೆ ಮಾತಾಡೋದೇ ಅರ್ಧ ಕೆಲ್ಸ. ನೋವು ಶುರುವಾಗೋ ಮುಂಚೆ ಓಡಾಟ ಇದ್ದಕ್ಕಿದ್ದ ಹಾಗೆ ಜಾಸ್ತಿ ಆಯ್ತಾ, ಹೊಸ ಚಪ್ಪಲಿನಾ, ತೂಕ ಏರಿದ್ಯಾ, ರಾತ್ರಿ ಮಲಗಿದಾಗಲೂ ನೋವಿರತ್ತಾ, ಜುಮ್ ಅನ್ನೋದು ಅಥವಾ ಉರಿ ಇದ್ಯಾ, ಸೊಂಟದಿಂದ ಇಳಿಯತ್ತಾ, ಒಂದೇ ಕಾಲಾ ಎರಡೂನಾ, ಇಷ್ಟೂ ಕೇಳ್ಬೇಕು. ಆಮೇಲೆ ಕೈಯಿಂದ. ಒಂದು ಕೈಲಿ ರೋಗಿಯ ಕಾಲ್ಬೆರಳನ್ನ ಹಿಂದಕ್ಕೆಳೆದು ಪಟ್ಟಿ ಬಿಗಿ ಮಾಡಿ, ಇನ್ನೊಂದು ಕೈ ಹೆಬ್ಬೆರಳಲ್ಲಿ ಹಿಮ್ಮಡಿ ದಿಂಬು ಮುಗಿದು ಕಮಾನು ಶುರುವಾಗೋ ಒಳಮೂಲೇಲಿ ಒತ್ತಬೇಕು, ಅಲ್ಲೇ ಬೆರಳ ತುದಿಯಷ್ಟು ಜಾಗದಲ್ಲಿ ಅಯ್ಯೋ ಅಂತ ಕಾಲೆಳ್ಕೊಂಡ್ರೆ ಫೇಶಿಯಾದ ಕಡೆ ಬೆರಳು ತೋರ್ಸತ್ತೆ. ಅದೇ ನೋವು ಹಿಮ್ಮಡಿ ನಟ್ಟನಡುವೆ ಇದ್ದು ಬರಿಗಾಲಲ್ಲಿ ಗಟ್ಟಿ ನೆಲದ ಮೇಲೆ ನಿಂತಾಗ ಮಾತ್ರ ಜಾಸ್ತಿ ಆದ್ರೆ, ಅಲ್ಲಿರೋ ಕೊಬ್ಬಿನ ದಿಂಬು ತೆಳ್ಳಗಾಗಿರಬೋದು, ಆ ಕೇಸಿಗೆ ಸ್ಟ್ರೆಚಿಂಗ್‌ಗಿಂತ ಮೆತ್ತನೆ ಪ್ಯಾಡೇ ಮುಖ್ಯ. ಹಿಮ್ಮಡಿಯ ಎರಡೂ ಪಕ್ಕದಿಂದ ಅಂಗೈಲಿ ಅಮುಕಿದಾಗ ಜೋರು ನೋವಾದ್ರೆ ಮೂಳೇಲಿ ಸಣ್ಣ ಬಿರುಕಿದ್ಯಾ ಅಂತ ಅನುಮಾನ ಪಡ್ಬೇಕು, ಆಗ ಫಿಸಿಯೋ ನಿಲ್ಸಿ ಡಾಕ್ಟರ್ ಹತ್ರ ಕಳಿಸ್ಬೇಕು. ಪಾದದ ಮೇಲೆ ಒಳಬದಿಲಿ ಉಬ್ಬಿರೋ ಗಂಟುಮೂಳೆಯ ಹಿಂದೆ ಬೆರಳಲ್ಲಿ ತಟ್ಟಿದಾಗ ಅಂಗಾಲಿಗೆ ಜುಮ್ ಅಂತ ಹರಿದ್ರೆ ಅದು ನರದ ಕಥೆ.

ವಿಂಡ್‌ಲಾಸ್ ಟೆಸ್ಟ್ ಅಂತ ಇನ್ನೊಂದಿದೆ. ಸ್ಟೂಲ್ ಅಂಚಲ್ಲಿ ಬೆರಳು ಆಚೆ ಬರೋ ಹಾಗೆ ನಿಲ್ಸಿ ಹೆಬ್ಬೆರಳನ್ನ ಮೇಲಕ್ಕೆ ಬಾಗಿಸೋದು. ಹಿಮ್ಮಡಿ ನೋವು ಬಂತು ಅಂದ್ರೆ ಹೆಚ್ಚುಕಮ್ಮಿ ಖಾತ್ರಿ, ಬರ್ಲಿಲ್ಲ ಅಂತ ಫೇಶಿಯೈಟಿಸ್ ಇಲ್ಲ ಅನ್ನೋ ಹಾಗಿಲ್ಲ, ಇದ್ದೋರಲ್ಲೂ ಎಷ್ಟೋ ಜನಕ್ಕೆ ಈ ಟೆಸ್ಟಲ್ಲಿ ನೋವು ಬರಲ್ಲ.

ಇನ್ನು ಹರಡು, ಅಂದ್ರೆ ಆಂಕಲ್, ಎಷ್ಟು ಬಾಗತ್ತೆ ಅನ್ನೋದು. ನಾನು ಯಾವತ್ತೂ ಬಿಡದೇ ಇರೋ ಪರೀಕ್ಷೆ ಇದು. 2003ರಲ್ಲಿ ರಿಡಲ್ ಮತ್ತವರ ಜೊತೆಯವರು ಹಿಮ್ಮಡಿ ನೋವಿರೋರನ್ನ ಇಲ್ದಿರೋರ ಜೊತೆ ಹೋಲಿಸಿ ನೋಡಿದಾಗ ಮೂರು ಅಂಶ ಎದ್ದು ಕಂಡ್ವು: ಆಂಕಲ್ ಮೇಲ್ಮುಖವಾಗಿ ಬಾಗದೇ ಇರೋದು, ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನೋ ಲೆಕ್ಕ) 30ಕ್ಕಿಂತ ಮೇಲಿರೋದು, ದಿನದ ಬಹುಪಾಲು ನಿಂತೇ ಕೆಲ್ಸ ಮಾಡೋದು. ಮೂರರಲ್ಲಿ ಆಂಕಲ್ದೇ ದೊಡ್ಡ ಪಾಲು.

ನೀವು ಮನೇಲೇ ಇದನ್ನ ನೋಡ್ಕೊಂಡು ಇಲ್ಲಿ ಹಾಕಿ. ಗೋಡೆ ಮುಂದೆ ಬರಿಗಾಲಲ್ಲಿ ನಿಂತು ಹಿಮ್ಮಡಿ ನೆಲ ಬಿಡದ ಹಾಗೆ ಮಂಡಿಯನ್ನ ಗೋಡೆಗೆ ತಾಗಿಸಿ, ಹೆಬ್ಬೆರಳನ್ನ ಎಷ್ಟು ದೂರ ಹಿಂದೆ ತಂದ್ರೂ ಮಂಡಿ ತಾಗತ್ತೆ ಅಂತ ಸ್ಕೇಲಲ್ಲಿ ಅಳೀರಿ, ಎರಡೂ ಕಾಲಿಗೆ. 10 ಸೆಂಟಿಮೀಟರ್ ಆಸುಪಾಸು ಬಂದ್ರೆ ಚೆನ್ನಾಗಿದೆ ಅಂತ ಲೆಕ್ಕ. ಹಾಗೇ ಒಂಟಿ ಕಾಲಲ್ಲಿ ಎಷ್ಟು ಸಲ ತುದಿಗಾಲಿಗೆ ಏಳಕ್ಕಾಗತ್ತೆ ನೋಡಿ.

ಬೆಂದಕಾಳೂರು_ಕೋಡರ್

ಎರಡೂ ಕಾಲಾ ಅಂತ ಕೇಳ್ಬೇಕು ಅಂದ್ರಲ್ಲ ಸರ್, ಅದನ್ನ ನಾನು ಒತ್ತಿ ಹೇಳ್ತೀನಿ. ನನ್ನ ತಮ್ಮಂಗೆ ಇಪ್ಪತ್ತಾರನೇ ವಯಸ್ಸಿಗೆ ಎರಡೂ ಹಿಮ್ಮಡಿ ನೋವು, ತೂಕ ಇಲ್ಲ, ನಿಂತು ಮಾಡೋ ಕೆಲ್ಸ ಇಲ್ಲ, ಜಿಮ್‌ನಿಂದ ಬಂದಿದೆ ಅಂತ ಎಲ್ರೂ ಅಂದ್ಕೊಂಡ್ವಿ, ಒಂದು ವರ್ಷ ಹೀಲ್ ಪ್ಯಾಡು, ಮಾತ್ರೆ ಅಂತಾನೇ ಕಳೀತು. ಕೊನೆಗೆ ಒಬ್ಬ ಫಿಸಿಯೋ ನಿಂಗೆ ಬೆಳಿಗ್ಗೆ ಸೊಂಟ ಬಿಗಿಯಾಗಿರತ್ತಾ, ಓಡಾಡಿದ್ಮೇಲೆ ಸಡಿಲ ಆಗತ್ತಾ, ಕಣ್ಣು ಕೆಂಪಾಗಿತ್ತಾ ಅಂತೆಲ್ಲ ಕೇಳಿ ಸೀದಾ ರುಮಟಾಲಜಿಸ್ಟ್, ಅಂದ್ರೆ ಕೀಲುವಾತದ ಡಾಕ್ಟರ್, ಹತ್ರ ಕಳಿಸಿದ್ರು, ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಅನ್ನೋ ಬೆನ್ನುಮೂಳೆ ಉರಿಯೂತದ ಕಾಯಿಲೆ ಅಂತ ಗೊತ್ತಾಯ್ತು. ಈಗ ಔಷಧಿ ಮೇಲೆ ಚೆನ್ನಾಗಿದಾನೆ. ವಯಸ್ಸು ಚಿಕ್ಕದು, ಎರಡೂ ಹಿಮ್ಮಡಿ ನೋವು, ಜೊತೆಗೆ ಬೆಳಿಗ್ಗೆ ಸೊಂಟ ಹಿಡ್ಕೊಳೋದು ಇರೋರು ಯಾರಾದ್ರೂ ಇದನ್ನ ಓದ್ತಿದ್ರೆ ದಯವಿಟ್ಟು ತೋರಿಸ್ಕೊಳಿ.

ನಲಿಕಲಿ_ಟೀಚರ್

ಇಷ್ಟೊಂದು ವಿವರವಾಗಿ ಯಾರೂ ಹೇಳಿರ್ಲಿಲ್ಲ ಸರ್, ತುಂಬಾ ಥ್ಯಾಂಕ್ಸ್. ನೀವು ಹೇಳಿದ ಹಾಗೆ ನೋಡ್ದೆ. ನೋವಿರೋದು ಅದೇ ಒಳಮೂಲೇಲಿ, ಒತ್ತಿದ್ರೆ ಕಣ್ಣಲ್ಲಿ ನೀರು ಬರತ್ತೆ, ಪಕ್ಕದಿಂದ ಅಮುಕಿದ್ರೆ ಏನಿಲ್ಲ. ಜುಮ್ ಅನ್ನೋದು, ಸೊಂಟ ನೋವು ಇಲ್ಲ. ಶುಗರ್ ಇಲ್ಲ. ಗೋಡೆ ಟೆಸ್ಟಲ್ಲಿ ಎಡಗಾಲು 9 ಸೆಂಟಿಮೀಟರ್, ಬಲಗಾಲು 5 ಬಂತು, ಇಷ್ಟು ವ್ಯತ್ಯಾಸ ಇದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಬಲಗಾಲಲ್ಲಿ ತುದಿಗಾಲಿಗೆ ಏಳೋದು ನಾಲ್ಕೈದಕ್ಕೇ ಸಾಕಾಗೋಯ್ತು. ಎತ್ತರ 155, ತೂಕ 74. ಶುರುವಾಗಿದ್ದು ಯೋಚ್ನೆ ಮಾಡಿದ್ರೆ ಸಮೀಕ್ಷೆ ಡ್ಯೂಟಿ ಆದ್ಮೇಲೆ, ಬೆಳಿಗ್ಗೆಯಿಂದ ಕತ್ತಲಾಗೋವರೆಗೂ ತೆಳ್ಳನೆ ಚಪ್ಪಲಿ ಹಾಕ್ಕೊಂಡು ಮನೆ ಮನೆ ಸುತ್ತಿದ್ವಿ. ಈಗ ಏನು ಮಾಡ್ಲಿ ಹೇಳಿ.

ಪಾದ_ಫಿಸಿಯೋ_ಮೈಸೂರು

ನೀವು ಬರ್ದಿರೋದು ನೋಡಿದ್ರೆ ಚಿತ್ರ ಸಾಕಷ್ಟು ಸ್ಪಷ್ಟ ಇದೆ. ಸಮೀಕ್ಷೆ ಓಡಾಟದಲ್ಲಿ ಎಳೆತ ದಿಢೀರ್ ಅಂತ ಏರ್ತು, ಮೀನಖಂಡ ಬಿಗಿ ಇದ್ದಿದ್ರಿಂದ ಆಂಕಲ್ ಬಾಗ್ಲಿಲ್ಲ, ಆ ಕೊರತೆನೆಲ್ಲ ಪಾದದ ಪಟ್ಟಿ ಹೊತ್ಕೊಳ್ತು, ಆಮೇಲೆ ಬರಿಗಾಲು ಸಿಮೆಂಟ್ ನೆಲ ಅದನ್ನ ವಾಸಿಯಾಗಕ್ಕೆ ಬಿಡ್ಲಿಲ್ಲ. ನಿಮ್ಮ ಬಿಎಂಐ 31ರ ಹತ್ರ ಬರತ್ತೆ. ಹಾಗಂತ ತೂಕ ಇಳಿಸೋ ತನಕ ಕಾಯ್ಬೇಕಾಗಿಲ್ಲ, ಅದು ನಿಧಾನಕ್ಕೆ ಆಗ್ಲಿ, ಕಾಲಿಗೆ ಇವತ್ತಿಂದಾನೇ ಶುರು ಮಾಡಿ.

ಬೆಳಿಗ್ಗೆ ಕಾಲು ನೆಲಕ್ಕೆ ಇಡೋ ಮುಂಚೆ, ಮಂಚದ ಮೇಲೇ ಕೂತು ಬಲಗಾಲನ್ನ ಎಡತೊಡೆ ಮೇಲೆ ಹಾಕ್ಕೊಳಿ. ಬಲಗೈಲಿ ಐದೂ ಬೆರಳನ್ನ ಬುಡದಲ್ಲಿ ಹಿಡಿದು ಮೊಣಕಾಲಿನ ಕಡೆಗೆ ಎಳೀರಿ, ಎಡಗೈ ಹೆಬ್ಬೆರಳನ್ನ ಅಂಗಾಲಿನ ಕಮಾನಿನ ಮೇಲೆ ಆಡ್ಸಿ, ಚರ್ಮದ ಕೆಳಗೆ ಪಟ್ಟಿ ತಂತಿ ಥರ ಬಿಗಿಯಾಗಿ ಸಿಕ್ರೆ ಸರಿಯಾಗಿ ಎಳೆದಿದೀರಿ ಅಂತ, ಸಿಗ್ಲಿಲ್ಲ ಅಂದ್ರೆ ಇನ್ನೂ ಸ್ವಲ್ಪ ಎಳೀರಿ. 10 ಸೆಕೆಂಡ್ ಹಿಡೀರಿ, 10 ಸಲ, ದಿನಕ್ಕೆ 3 ಹೊತ್ತು, ಅದ್ರಲ್ಲಿ ಬೆಳಿಗ್ಗೆ ಮೊದಲ ಹೆಜ್ಜೆಗಿಂತ ಮುಂಚಿನದ್ದು ಮಾತ್ರ ತಪ್ಪಲೇಬಾರದು. ಡಿಜಿಯೋವಾನಿ ಅನ್ನೋರ 2003ರ ಅಧ್ಯಯನದಲ್ಲಿ ಬರೀ ಮೀನಖಂಡ ಸ್ಟ್ರೆಚ್ ಮಾಡಿದವರಿಗಿಂತ ಹೀಗೆ ಮಾಡಿದವರಿಗೇ ಬೆಳಗಿನ ನೋವು ಚೆನ್ನಾಗಿ ಇಳೀತು. ಕ್ಲಾಸಲ್ಲೂ ಮಾಡ್ಬೋದು, ನೆಲದ ಮೇಲೆ ಹೇಗಿದ್ರೂ ಕೂತೇ ಇರ್ತೀರಲ್ಲ, ಏಳೋ ಮುಂಚೆ ಒಂದೆರಡು ಸಲ ಬೆರಳು ಎಳ್ಕೊಂಡು ಏಳಿ. ನಿಮ್ಮ ಆಂಕಲ್ ಬಿಗಿ ಇರೋದ್ರಿಂದ ಮೀನಖಂಡದ ಸ್ಟ್ರೆಚ್ಚೂ ಬೇಕು, ಗೋಡೆ ಹಿಡಿದು ಒಮ್ಮೆ ಮಂಡಿ ನೆಟ್ಟಗೆ, ಒಮ್ಮೆ ಮಂಡಿ ಬಾಗಿಸಿ, ಒಳಗೆ ಎರಡು ಬೇರೆ ಬೇರೆ ಸ್ನಾಯು ಇದಾವೆ.

ಎರಡನೇದು ಹುಬ್ಬಳ್ಳಿಯವರು ಹೇಳಿದ್ದು, ಅವರ ಫಿಸಿಯೋ ಮಾಡ್ಸಿದ್ದು ತುಂಬಾ ಸರಿ. ಡೆನ್ಮಾರ್ಕಲ್ಲಿ ರಾಥ್ಲೆಫ್ ಮತ್ತವರ ಜೊತೆಯವರು ಇದನ್ನ ಪರೀಕ್ಷಿಸಿ 2014ರಲ್ಲಿ ಪ್ರಕಟ ಮಾಡಿದ್ರು. ಮೆಟ್ಟಿಲ ಅಂಚಲ್ಲಿ ನಿಂತು, ಸುತ್ತಿದ ಟವೆಲನ್ನ ಬೆರಳ ಕೆಳಗಿಟ್ಕೊಳಿ, ಬೆರಳು ಪೂರ್ತಿ ಮೇಲಕ್ಕೆ ಬಾಗಿರ್ಬೇಕು, ಆಗ್ಲೇ ಫೇಶಿಯಾಗೆ ಭಾರ ಬೀಳೋದು. 3 ಸೆಕೆಂಡ್ ಹಿಮ್ಮಡಿ ಎತ್ತೋದು, ಮೇಲೆ 2 ಸೆಕೆಂಡ್ ನಿಲ್ಲೋದು, 3 ಸೆಕೆಂಡ್ ಇಳಿಸೋದು. ದಿನ ಬಿಟ್ಟು ದಿನ ಮಾತ್ರ. ಅವರು 12 ಸಲದ 3 ಸೆಟ್‌ನಿಂದ ಶುರು ಮಾಡ್ಸಿ, ಎರಡು ವಾರ ಆದ್ಮೇಲೆ ಬೆನ್ನಿಗೆ ಪುಸ್ತಕ ತುಂಬಿದ ಬ್ಯಾಗ್ ಹಾಕಿ ಭಾರ ಏರ್ಸಿ 10ರ 4 ಸೆಟ್, ನಾಲ್ಕು ವಾರಕ್ಕೆ ಇನ್ನೂ ಭಾರ ಹಾಕಿ 8ರ 5 ಸೆಟ್ ಮಾಡ್ಸಿದ್ರು. ನಿಮಗೆ ಪುಸ್ತಕಕ್ಕೇನು ಕಮ್ಮಿ ಇಲ್ಲ. ಈಗ ಒಂಟಿ ಕಾಲಲ್ಲಿ ನಾಲ್ಕೈದೇ ಆಗ್ತಿರೋದ್ರಿಂದ ಮೊದಲು ಎರಡೂ ಕಾಲಲ್ಲಿ ಏಳಿ, ಶಕ್ತಿ ಬಂದ ಹಾಗೆ ಬಲಗಾಲಿಗೆ ಹೆಚ್ಚು ಭಾರ ಹಾಕಿ, ಆಮೇಲೆ ಒಂಟಿ ಕಾಲು. ಮೂರು ತಿಂಗಳ ಹೊತ್ತಿಗೆ ಹೀಗೆ ಮಾಡಿದವರು ಬರೀ ಸ್ಟ್ರೆಚ್ ಮಾಡಿದವರಿಗಿಂತ ಸ್ಪಷ್ಟವಾಗಿ ಮುಂದಿದ್ರು, ವರ್ಷದ ಕೊನೇಲಿ ಎರಡೂ ಗುಂಪು ಒಂದೇ ಮಟ್ಟಕ್ಕೆ ಬಂದಿದ್ವು. ಅಂದ್ರೆ ಬೇಗ ಗುಣ ಆಗಕ್ಕೆ ಇದು ಸಹಾಯ ಮಾಡತ್ತೆ ಅಂತ ನಾನು ಅರ್ಥ ಮಾಡ್ಕೊಳೋದು.

ಮಾಡುವಾಗ ನೋವು ಬರತ್ತೆ, ಹೆದರ್ಬೇಡಿ. ಹತ್ತಕ್ಕೆ ಐದರೊಳಗೆ ಇದ್ದು, ಮಾರನೇ ದಿನ ಬೆಳಿಗ್ಗೆ ಮೊದಲ ಹೆಜ್ಜೆ ಎಂದಿಗಿಂತ ಜಾಸ್ತಿ ನೋಯ್ಲಿಲ್ಲ ಅಂದ್ರೆ ಅದೇ ಪ್ರಮಾಣ ಮುಂದುವರಿಸಿ, ಜಾಸ್ತಿ ನೋಯ್ತು ಅಂದ್ರೆ ಸೆಟ್ ಕಮ್ಮಿ ಮಾಡಿ, ನಿಲ್ಲಿಸ್ಬೇಡಿ. ನಡೆಯೋದಕ್ಕೂ ಇದೇ ಲೆಕ್ಕ. ಪೂರ್ತಿ ರೆಸ್ಟ್ ತಗೊಂಡ್ರೆ ಪಟ್ಟಿ ಇನ್ನೂ ದುರ್ಬಲ ಆಗತ್ತೆ.

ಕ್ಲಾಸಲ್ಲಿ ಬರಿಗಾಲು ಮಾತ್ರ ಸದ್ಯಕ್ಕೆ ಬಿಡ್ಬೇಕು. ರೂಮೊಳಗೆ ಮಾತ್ರ ಹಾಕೋ ಒಂದು ಜೊತೆ ದಪ್ಪ ಮೆತ್ತನೆ ಚಪ್ಪಲಿ ಅಲ್ಲೇ ಇಟ್ಕೊಳ್ತೀನಿ ಅಂತ ಎಚ್ಎಂಗೆ ಹೇಳಿ, ಆಚೆ ಧೂಳು ಒಳಗೆ ಬರಲ್ಲ ಅಂದ್ರೆ ಯಾರೂ ಬೇಡ ಅನ್ನಲ್ಲ ಅನ್ಕೋತೀನಿ. ಸಿಲಿಕಾನ್ ಪ್ಯಾಡ್ ಕೊಟ್ಟಿದಾರಲ್ಲ, ಅದನ್ನ ಹಾಕ್ಕೊಳಿ, ಆದ್ರೆ ಪ್ಯಾಡ್ ಒಂದ್ರಿಂದಲೇ ವಾಸಿ ಆಗತ್ತೆ ಅಂತ ಕಾಯ್ಬೇಡಿ. ನಿಮ್ಮ ಫಿಸಿಯೋಗೆ ಪಾದಕ್ಕೆ ಟೇಪ್ ಹಾಕ್ತೀರಾ ಅಂತ ಕೇಳಿ, ಮೊದಲ ಎರಡು ಮೂರು ವಾರ ನೋವು ತಡೆಯೋಕೆ ಒಳ್ಳೇ ಆಸರೆ, ಹಾಗೇ ಮೀನಖಂಡ, ಆಂಕಲ್‌ಗೆ ಕೈಯಿಂದ ಮಾಡೋ ಚಿಕಿತ್ಸೆನೂ ಕೇಳಿ. ಬೆಳಗಿನ ನೋವು ಹೀಗೇ ಜೋರಾಗಿದ್ರೆ ಮಲಗಿದಾಗ ಪಾದ ಕೆಳಕ್ಕೆ ಬಾಗದ ಹಾಗೆ ಹಿಡಿಯೋ, ರಾತ್ರಿ ಹಾಕೋ ಸ್ಪ್ಲಿಂಟ್ ಇದೆ, ಒಂದರಿಂದ ಮೂರು ತಿಂಗಳು ಹಾಕೋದು, ನಿದ್ದೆಗೆ ಸ್ವಲ್ಪ ಕಿರಿಕಿರಿ.

ರೈಟ್_ರೈಟ್_ಹುಬ್ಬಳ್ಳಿ

ಸರ್ ಒಂದ ಕೇಳತೇನ್ರಿ, ನಮ್ಮ ಡಿಪೋದಾಗ ಇಬ್ಬರು ಹಿಂಬಡಕ್ಕ ಇಂಜೆಕ್ಷನ್ ಮಾಡಿಸ್ಯಾರ, ಒಂದ ವಾರದಾಗ ಆರಾಮ ಆತು ಅಂತಾರ. ಅದನ್ನ ಮೊದಲ ಮಾಡಿಸಿಬಿಟ್ರ ಆಗೂದಿಲ್ಲೇನ್ರಿ?

ಪಾದ_ಫಿಸಿಯೋ_ಮೈಸೂರು

ಅದು ಸ್ಟೀರಾಯ್ಡ್ ಇಂಜೆಕ್ಷನ್. ನೋವು ಬೇಗ ಇಳೀತದೆ ಅನ್ನೋದು ನಿಜ, ಆದ್ರೆ ಆ ಲಾಭ ಬಹಳ ಜನಕ್ಕೆ ಕೆಲವು ವಾರಕ್ಕೇ ಸೀಮಿತ. ನೋವಿಲ್ಲ ಅಂತ ಮಾಮೂಲಿ ಡ್ಯೂಟಿ ಮಾಡಿದ್ರೆ ಪಟ್ಟಿ ಹರಿಯೋ ಅಪಾಯ ಇದೆ, ಪದೇಪದೇ ಚುಚ್ಚಿಸ್ಕೊಂಡ್ರೆ ಹಿಮ್ಮಡಿ ಕೊಬ್ಬಿನ ದಿಂಬು ಕರಗ್ಬೋದು, ಅದು ಒಮ್ಮೆ ಹೋದ್ರೆ ವಾಪಸ್ ತರೋದು ಕಷ್ಟ. ಶುಗರ್ ಇರೋರಿಗೆ ಇಂಜೆಕ್ಷನ್ ಆದ್ಮೇಲೆ ಕೆಲವು ದಿನ ಶುಗರ್ ಏರತ್ತೆ, ಡಾಕ್ಟರ್‌ಗೆ ಮೊದಲೇ ಹೇಳಿರ್ಬೇಕು. ಮೂರ್ನಾಲ್ಕು ತಿಂಗಳು ವ್ಯಾಯಾಮ ಸರಿಯಾಗಿ ಮಾಡಿ ಏನೂ ಬದಲಾಗ್ಲಿಲ್ಲ ಅಂದ್ರೆ ಆಗ ಡಾಕ್ಟರ್ ಜೊತೆ ಕೂತು ಮಾತಾಡಿ, ಹೊರಗಿಂದ ಮಿಷಿನ್‌ನಲ್ಲಿ ಒತ್ತಡದ ಅಲೆ ಕೊಡೋ ಶಾಕ್‌ವೇವ್ ಅನ್ನೋ ಚಿಕಿತ್ಸೆ ಕೂಡ ಅಂಥ ಹಳೇ ನೋವಿಗೇ ಇರೋದು. ಮೊದಲನೇ ಮೆಟ್ಟಿಲಾಗಿ ಇಂಜೆಕ್ಷನ್ ನಾನು ಹೇಳಲ್ಲ.

ನಲಿಕಲಿ_ಟೀಚರ್

ಸರ್ ಚಪ್ಪಲಿ ವಿಷ್ಯ ಎಚ್ಎಂ ಹತ್ರ ಮಾತಾಡ್ದೆ, ಒಪ್ಪಿದ್ರು. ಇನ್ನೊಂದೇ ಪ್ರಶ್ನೆ, ಶನಿವಾರ ಮಕ್ಳಿಗೆ ಡ್ರಿಲ್ ಮಾಡ್ಸುವಾಗ ನಾನೂ ಜೊತೆಗೆ ಕುಣೀತೀನಿ, ಲಗೋರಿ ಆಡಿಸ್ತೀನಿ, ಅದನ್ನ ನಿಲ್ಲಿಸ್ಬೇಕಾ? ಮಕ್ಳು ನೀವು ಬನ್ನಿ ಮಿಸ್ ಅಂತ ಕೈ ಹಿಡ್ದು ಎಳೀತಾರೆ. ಮತ್ತೆ ಈಗ ಹೋಗ್ತಿರೋ ಸೆಂಟರ್ ಬಿಡ್ಲಾ?

ಪಾದ_ಫಿಸಿಯೋ_ಮೈಸೂರು

ಸೆಂಟರ್ ಬಿಡೋ ಮುಂಚೆ ಒಂದು ಸಲ ಬಾಯಿಬಿಟ್ಟು ಕೇಳಿ ಮೇಡಂ: ನನ್ನ ಆಂಕಲ್ ಅಳತೆ ನೋಡಿ, ವ್ಯಾಯಾಮ ಕಲಿಸಿ, ಟೇಪ್ ಹಾಕಿ ಅಂತ. ಎಷ್ಟೋ ಕಡೆ ರಶ್ಶಲ್ಲಿ ಮಿಷಿನ್ ಹಾಕಿ ಕಳಿಸ್ತಾರೆ, ಕೇಳಿದ್ರೆ ಮಾಡೋರೂ ಇದಾರೆ. ಕೇಳಿದ್ಮೇಲೂ ಜೆಲ್ಲು ಕರೆಂಟೇ ಅಂದ್ರೆ ಬೇರೆ ಕಡೆ ನೋಡಿ. ದಿನಾ ಹೋಗೋ ಅಗತ್ಯಾನೂ ಇಲ್ಲ, ವಾರಕ್ಕೊಮ್ಮೆ ಹೋಗಿ ವ್ಯಾಯಾಮ ಸರಿಯಿದ್ಯಾ, ಭಾರ ಏರಿಸ್ಬೋದಾ ಅಂತ ತೋರಿಸ್ಕೊಂಡು ಬಂದ್ರೆ ಸಾಕು.

ಡ್ರಿಲ್ ಮಾಡ್ಸಿ, ಶೂ ಹಾಕ್ಕೊಂಡು. ಓಟ, ನೆಗೆತ ಮಾತ್ರ ಮೊದಲ ಒಂದೆರಡು ತಿಂಗಳು ಬೇಡ, ಲಗೋರಿಲಿ ನೀವು ಕಲ್ಲು ಜೋಡಿಸೋ ಕಡೆ ಇರಿ, ಓಡೋದು ಮಕ್ಳಿಗೆ ಬಿಡಿ. ಒಂಟಿ ಕಾಲಲ್ಲಿ ಬ್ಯಾಗ್ ಹಾಕ್ಕೊಂಡು 8ರ ಸೆಟ್‌ಗಳು ಆರಾಮಾಗಿ ಬರಕ್ಕೆ ಶುರುವಾದ ಮೇಲೆ ಸಣ್ಣ ಸಣ್ಣ ನೆಗೆತ ಸೇರಿಸ್ಬೋದು. ಯಾವತ್ತಾದ್ರೂ ಅಂಗಾಲಲ್ಲಿ ಪಟ್ ಅಂತ ಸದ್ದು ಬಂದು ಕಮಾನಿನ ಜಾಗ ಊದ್ಕೊಂಡು ನೀಲಿಗಟ್ಟಿದ್ರೆ ಅವತ್ತೇ ಡಾಕ್ಟರ್ ಹತ್ರ ಹೋಗಿ, ವ್ಯಾಯಾಮ ಮುಂದುವರಿಸ್ಬೇಡಿ. ಹಾಗೇನೂ ಇಲ್ದಿದ್ರೆ ಆರು ವಾರ ಮಾಡಿ, ಗೋಡೆ ಟೆಸ್ಟಿನ ಅಳತೆ, ಬೆಳಗಿನ ನೋವು ಹತ್ತಕ್ಕೆ ಎಷ್ಟು ಅನ್ನೋದು, ಎರಡನ್ನೂ ಬರ್ದಿಟ್ಕೊಂಡು ಇಲ್ಲಿ ಹಾಕಿ, ನೋಡಿ ಮುಂದಿನದು ಹೇಳ್ತೀನಿ.